ಆರಿಫಾಳ ಗೇಣು

ಶೈಲಾಗೆ ಬೇಕಾಗಿದ್ದದ್ದು ಒಂದು ಯುದ್ಧ. ಅದು ಒಂದು ತಾಸಿನೊಳಗೆ ಮುಗಿಯಬೇಕು, ಎರಡೂವರೆ ಅಡಿ ಉದ್ದ ಎರಡಡಿ ಅಗಲದ ಮೇಜಿನ ಮೇಲೆ ಹಿಡಿಸಬೇಕು, ಮತ್ತು ಎದುರಿಗೆ ಕೂತವಳಿಗೆ ಆಟ ಮುಗಿದ ಮೇಲೂ ಎದ್ದು ಹೋಗಲು ಮನಸ್ಸು ಬರಬಾರದು. ಮೊದಲಿನ ಎರಡಕ್ಕೆ ಪರದೇಶದ ಪುಣ್ಯಾತ್ಮರು ಬೇಕಾದಷ್ಟು ನಿಯಮ ಬರೆದಿಟ್ಟಿದ್ದರು. ಮೂರನೆಯದಕ್ಕೆ ಯಾರೂ ಬರೆದಿರಲಿಲ್ಲ.

ಬಾಗಲಕೋಟೆಯ ನವನಗರದ ಖಾಸಗಿ ದವಾಖಾನೆಯೊಂದರಲ್ಲಿ ಮಂದಿಯ ರಕ್ತ ತೆಗೆದು ತಪಾಸಣೆ ಮಾಡುವ, ಐವತ್ತರ ಅಂಚಿಗೆ ಬಂದ ಹೆಂಗಸಿಗೆ ಈ ಯುದ್ಧದ ಗೀಳು ಎಲ್ಲಿಂದ ಅಂಟಿತು ಎಂದು ನೀವು ಕೇಳಬಹುದು. ಅವಳ ಗಂಡ ಸಂತೋಷಕುಮಾರನೂ ಕೇಳಿದ್ದ. ಆದದ್ದು ಇಷ್ಟೇ. ಒಂದು ದಿನ ಊಟದ ಬಿಡುವಿನಲ್ಲಿ ಫೋನು ನೋಡುತ್ತ ಕೂತಾಗ ಅವಳ ಕಣ್ಣಿಗೆ ಒಂದು ವಿಡಿಯೊ ಬಿತ್ತು. ತಲೆ ಬೋಳಾದ, ಹೊಟ್ಟೆ ಬಂದ ಇಬ್ಬರು ಬಿಳಿಯ ಗಂಡಸರು ದೊಡ್ಡದೊಂದು ಮೇಜಿನ ಆಚೆ ಈಚೆ ನಿಂತು, ಬೆರಳೆತ್ತರದ ಬಣ್ಣದ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ಟೇಪು ಹಿಡಿದು ಅಳೆದಳೆದು ಮುಂದಕ್ಕೆ ಸರಿಸುತ್ತಿದ್ದರು. ಎರಡು ಸಾವಿರ ವರ್ಷದ ಹಿಂದಿನ ಕಾಳಗವಂತೆ. ಶೈಲಾ ರೊಟ್ಟಿಯ ತುತ್ತನ್ನು ಕೈಯಲ್ಲೇ ಹಿಡಿದು ಕೂತುಬಿಟ್ಟಳು. ಇದು ತಾನೂ ಗೆಳತಿ ಆರಿಫಾನೂ ಚಿಕ್ಕಂದಿನಲ್ಲಿ ಗುಳೇದಗುಡ್ಡದಲ್ಲಿ ಆಡಿದ ಆಟ. ಇದಕ್ಕೆ ಹೆಸರಿದೆ, ದೊಡ್ಡವರು ಇದನ್ನು ಆಡಿದರೆ ಯಾರೂ ನಗದ ದೇಶವೂ ಇದೆ ಎಂಬುದು ಅವಳಿಗೆ ಇಷ್ಟು ವಯಸ್ಸಾದ ಮೇಲೆ ಗೊತ್ತಾಯಿತು.

ಶೈಲಾಳ ಅಪ್ಪ ರಾಚಪ್ಪನದು ಖಣ ನೇಯುವ ಮನೆ. ಪಡಸಾಲೆಯಲ್ಲಿ ಎರಡು ಮಗ್ಗ; ನೇಯುವವರು ಕಾಲು ಇಳಿಬಿಟ್ಟು ಕೂರುವ ಎರಡು ಕುಣಿಗಳು; ಅವುಗಳ ನಡುವೆ ಸಗಣಿ ಸಾರಿಸಿದ ಒಂದಿಷ್ಟು ನೆಲ. ಆರಿಫಾ ಎರಡು ಮನೆ ಆಚೆ, ನೂಲಿಗೆ ಬಣ್ಣ ಹಾಕುವವರ ಮಗಳು. ಆಷಾಢದ ಮಂಗಳವಾರ ಗುಳ್ಳವ್ವನನ್ನು ಮಾಡಿ ಪೂಜಿಸಲೆಂದು ಓಣಿಯ ಹುಡುಗಿಯರು ಹಳ್ಳದಿಂದ ಮಣ್ಣು ತರುತ್ತಿದ್ದರು. ಗುಳ್ಳವ್ವನಿಗೆ ಬೇಕಾದದ್ದು ಒಂದು ಮುಷ್ಟಿ, ಇವರಿಬ್ಬರು ಹೊತ್ತು ತರುತ್ತಿದ್ದದ್ದು ಒಂದು ಬುಟ್ಟಿ. ಉಳಿದ ಮಣ್ಣೆಲ್ಲ ಆನೆ, ಕುದುರೆ, ಬಿಲ್ಲಿನವರು, ಭರ್ಚಿಯವರು ಆಗುತ್ತಿತ್ತು. ಸಾಲೆಯಿಂದ ಬಾದಾಮಿಗೆ ಕರೆದುಕೊಂಡು ಹೋದಾಗ ಪುಲಿಕೇಶಿಯ ಕಥೆ, ಕಂಚಿಯ ಪಲ್ಲವರು ದಂಡು ಕಟ್ಟಿಕೊಂಡು ಬಂದು ಬಾದಾಮಿ ಹಿಡಿದ ಕಥೆ ಕೇಳಿ ಬಂದಿದ್ದರಲ್ಲ, ಯುದ್ಧಕ್ಕೆ ಅಷ್ಟು ಸಾಕಾಯಿತು. ಅಮಾವಾಸ್ಯೆಯ ದಿನ ಮಗ್ಗಕ್ಕೆ ಕೈ ಹಚ್ಚುವಂತಿಲ್ಲ, ಹಾಗಾಗಿ ಆ ದಿನ ಪಡಸಾಲೆ ಇವರದು. ಆಟ ನಡೆಯುವ ಮನೆಯವಳಿಗೆ ಬಾದಾಮಿ, ಬಂದವಳಿಗೆ ಕಂಚಿ. ಮಗ್ಗದ ಕುಣಿಯೇ ಮಲಪ್ರಭಾ ಹೊಳೆ. ಅದರೊಳಗೆ ಬಿದ್ದ ಕುದುರೆ ಮುಳುಗಿದಂತೆಯೇ ಲೆಕ್ಕ. ಎದುರಿನವಳ ರಾಜನನ್ನು ಮೊದಲು ಮುಟ್ಟಿದ ದಂಡಿಗೆ ಗೆಲುವು.

ತಕರಾರು ಹುಟ್ಟಿದ್ದು ಅಳತೆಯಲ್ಲಿ. ಕಾಲಾಳು ಒಂದು ಸಲಕ್ಕೆ ಒಂದು ಚೋಟು ನಡೆಯಬೇಕು, ಅಂದರೆ ಹೆಬ್ಬೆರಳಿನಿಂದ ತೋರುಬೆರಳಿನವರೆಗೆ. ಆನೆ ಒಂದು ಗೇಣು, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ. ಕುದುರೆ ಎರಡು ಗೇಣು. ಸರಿ, ಆದರೆ ಯಾರ ಗೇಣು? ಆರಿಫಾಳ ಬೆರಳುಗಳನ್ನು ನೋಡಿದವರೆಲ್ಲ ಈ ಹುಡುಗಿ ನೂಲು ಹಿಡಿಯಲೆಂದೇ ಹುಟ್ಟಿದೆ ಎನ್ನುತ್ತಿದ್ದರು, ಅಷ್ಟು ಉದ್ದ. ಅವರವರ ಕೈಯಲ್ಲಿ ಅಳೆದಾಗ ಕಂಚಿಯ ಕುದುರೆಗಳು ಬಾದಾಮಿಯನ್ನು ಪ್ರತಿ ಅಮಾವಾಸ್ಯೆಗೂ ಮಧ್ಯಾಹ್ನದ ಊಟಕ್ಕೆ ಮೊದಲೇ ಗೆದ್ದು ಮುಗಿಸುತ್ತಿದ್ದವು. ಶೈಲಾ ಅತ್ತಳು, ಮಾತು ಬಿಟ್ಟಳು, ಮತ್ತೆ ಮಾತಾಡಿದಳು. ಕೊನೆಗೆ ಒಪ್ಪಂದವಾಯಿತು: ಎರಡೂ ದಂಡಿಗೆ ಆರಿಫಾಳ ಗೇಣೇ ಅಳತೆ. ಆಮೇಲೆ ಆರಿಫಾ ಶೈಲಾಳ ಸರದಿಯಲ್ಲಿ ಕೈಯನ್ನು ಅವಸರದಿಂದ ಎತ್ತಿಬಿಡುತ್ತಾಳೆಂದು ಇನ್ನೊಂದು ನಿಯಮ ಕೂಡಿತು. ಆನೆಯೋ ಕುದುರೆಯೋ ಅವಳ ಬೆರಳ ತುದಿ ಮುಟ್ಟುವವರೆಗೆ ಅವಳು ಕೈ ತೆಗೆಯುವಂತಿಲ್ಲ. ಹೀಗಾಗಿ ಬಾದಾಮಿಯ ದಂಡು ಹೊರಡಬೇಕಾದಾಗಲೆಲ್ಲ ಶೈಲಾ "ಗೇಣು ಹಾಕು" ಎನ್ನುವಳು, ಕಂಚಿಯವಳು ಮುಂದೆ ಬಾಗಿ ತನ್ನ ಕೈ ಚಾಚುವಳು. ವೈರಿಯ ಕೈ ಕೇಳದೆ ಒಂದು ಹೆಜ್ಜೆಯನ್ನೂ ಇಡಲಾಗದ ಸೈನ್ಯ ಈ ಭೂಮಿಯ ಮೇಲೆ ಅದೊಂದೇ ಇದ್ದೀತು.

ಆರಿಫಾಳನ್ನು ಇಳಕಲ್ಲಿಗೆ ಕೊಟ್ಟರು. ಲಗ್ನಕ್ಕೆ ಮೊದಲಿನ ಅಮಾವಾಸ್ಯೆಯಂದು ಕಡೆಯ ಯುದ್ಧ. ಬಾದಾಮಿಯ ಆನೆಯ ಮುಂದೆ ಕಂಚಿಯ ರಾಜ ಒಂದು ಗೇಣು ದೂರದಲ್ಲಿದ್ದ. ಗೇಣು ಹಾಕೋಣವೆಂದರೆ ಆರಿಫಾಳ ಕೈ ತುಂಬ ಹಸಿ ಮದರಂಗಿ. ನೆಲಕ್ಕೆ ಊರಿದರೆ ಅವಳ ಅವ್ವ ಇಬ್ಬರ ಚರ್ಮವನ್ನೂ ಸುಲಿಯುತ್ತಿದ್ದಳು. ಒಣಗಲಿ ಎಂದು ಇಬ್ಬರೂ ಕೂತರು. ಅಷ್ಟರಲ್ಲಿ ಮನೆಯಿಂದ ಕರೆ ಬಂತು. ಆರಿಫಾ ಎದ್ದು ನಿಂತು, ಮಗ್ಗದ ಹತ್ತಿರ ಬಿದ್ದಿದ್ದ ಖಣದ ಅಂಚಿನ ಪಟ್ಟಿಯೊಂದನ್ನು ತರಲು ಹೇಳಿ, ಗಾಳಿಯಲ್ಲೇ ಬೆರಳು ಹರಡಿದಳು. ಶೈಲಾ ಪಟ್ಟಿಯನ್ನು ಅವಳ ಹೆಬ್ಬೆರಳಿನಿಂದ ಕಿರುಬೆರಳಿಗೆ ಹಿಡಿದು ಕತ್ತರಿಸಿದಳು. ಪಟ್ಟಿಯ ಎರಡೂ ತುದಿಗೆ ಮದರಂಗಿ ಹತ್ತಿತು.

"ನಾ ಬರೂತನಕ ಇದ ನನ್ನ ಗೇಣು," ಅಂದಳು ಆರಿಫಾ. ಆನೆ ಅಲ್ಲೇ ನಿಂತಿತು. ಮರುದಿನ ರಾಚಪ್ಪ ಮಗ್ಗ ಹೂಡಬೇಕಲ್ಲ, ಎರಡೂ ದಂಡನ್ನು ಮೊರದಲ್ಲಿ ತುಂಬಿ ಗೂಡಿಗೆ ಸೇರಿಸಿದ.

ಶೈಲಾ ಲಗ್ನವಾಗಿ ಬಂದ ಬಾಗಲಕೋಟೆಯಿಂದ ಇಳಕಲ್ಲಿಗೆ ಬಸ್ಸಿನಲ್ಲಿ ಹೋಗಿ ಅದೇ ದಿನ ಮರಳಿ ಬರಬಹುದು. ಅದೇ ಸಂಕಟ. ಏಳು ಸಮುದ್ರ ದಾಟಿದ ಗೆಳತಿಗಾಗಿ ಹಂಬಲಿಸಿದರೆ ಮಂದಿ ಅಯ್ಯೋ ಅಂದಾರು. ಹುನಗುಂದದ ಆಚೆ ಇರುವವಳಿಗಾಗಿ ಹಂಬಲಿಸಿದರೆ ಹೋಗಿ ಬಾರವ್ವ ಎನ್ನುತ್ತಾರೆ. ಮೊದಮೊದಲು ಲಗ್ನ, ತೊಟ್ಟಿಲು ಎಂದು ಇಬ್ಬರೂ ಸೇರುತ್ತಿದ್ದರು. ಸೇರಿದ ಕೂಡಲೇ ಶೈಲಾ ಮಾಡುವ ಮೊದಲ ಕೆಲಸ ಆರಿಫಾಳ ಬಲಗೈ ಹಿಡಿದು, ಅಂಗೈಗೆ ಅಂಗೈ ಹಚ್ಚಿ, ಇನ್ನೂ ತನಗಿಂತ ಎಷ್ಟು ಉದ್ದ ಎಂದು ನೋಡುವುದು. ಆಮೇಲೆ ಭೇಟಿ ಕಡಿಮೆಯಾಗುತ್ತ ಬಂದು ನಿಂತೇ ಹೋಯಿತು. ಫೋನು ಮಾತ್ರ ಉಳಿಯಿತು. ಫೋನು ಹಚ್ಚಿದಾಗಲೂ ಶೈಲಾಳ ಮೊದಲ ಮಾತು "ಗೇಣು ಹೆಂಗೈತಿ?" ಎಂಬುದೇ. ಆರಿಫಾ ನಕ್ಕು, ಐತಿ, ಹಂಗ ಐತಿ ಎನ್ನುತ್ತಿದ್ದಳು. ಬಾ ಎಂದರೆ ಏನಾದರೊಂದು ಅಡ್ಡಿ. ಶೈಲಾ ತಾನೇ ಇಳಕಲ್ಲಿಗೆ ಹೋದರೆ ಆರಿಫಾ ಹುನಗುಂದದ ಬೀಗರ ಮನೆಗೆ ಹೋಗಿರುತ್ತಿದ್ದಳು. ಆರಿಫಾಳ ಅತ್ತೆ ಕೊಟ್ಟ ಚಹಾ ಕುಡಿದು ಶೈಲಾ ಅದೇ ಬಸ್ಸಿಗೆ ಮರಳುತ್ತಿದ್ದಳು. ಯಾಕೆ ಹೀಗೆ ಎಂದು ಅವಳು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದೆ ಎಂಬ ಹೆದರಿಕೆ ಇತ್ತು.

ವಿಡಿಯೊ ನೋಡಿದ ಮೇಲೆ ಅವಳು ಮತ್ತೆ ಮಣ್ಣು ಕಲಸಿದಳು. ಈ ಸಲ ಸೈನಿಕರು ಉಗುರಿನಷ್ಟು ಎತ್ತರ, ಆನೆಗಳು ಹುಣಸೆಬೀಜದ ಮೇಲೆ ಹುಣಸೆಬೀಜ ಇಟ್ಟಷ್ಟು. ಒಣಗಿಸಿ, ಬಣ್ಣ ಹಚ್ಚಿ, ಸಾಲಿಗೆ ನಿಲ್ಲಿಸಿ, ಫೋಟೊ ತೆಗೆದು ಆರಿಫಾಗೆ ಕಳಿಸಿದಳು. ಎರಡು ದಿನ ಉತ್ತರವಿಲ್ಲ. ಆಮೇಲೆ ಫೋನು ಬಂತು. ಬರುವ ರವಿವಾರ ನವನಗರದಲ್ಲಿ ಅವರ ಪೈಕಿ ಒಂದು ಲಗ್ನವಿದೆ, ಒಂದು ತಾಸು ಬಂದು ಹೋಗುತ್ತೇನೆ, ಅಣ್ಣ ಮುಕ್ತಾರ ಗಾಡಿ ತಗೊಂಡು ಬಂದು ಕರೆದುಕೊಂಡು ಹೋಗುತ್ತಾನೆ ಎಂದಳು ಆರಿಫಾ.

ಒಂದು ತಾಸು. ಒಂದು ಮೇಜು. ಈಗ ಇಬ್ಬರಿಗೂ ಮೊಣಕಾಲು ನೋವು, ನೆಲಕ್ಕೆ ಕೂರುವ ಮಾತೇ ಇಲ್ಲ. ಮನೆಯಲ್ಲಿ ಇದ್ದದ್ದು ಸಂತೋಷಕುಮಾರ ಸಮವಸ್ತ್ರಕ್ಕೆ ಇಸ್ತ್ರಿ ಹೊಡೆಯುವ ಮಡಚುವ ಮೇಜು. ಇದರಲ್ಲಿ ಬಾದಾಮಿಯೂ ಕಂಚಿಯೂ ಹಿಡಿಸಬೇಕು. ಹಿಡಿಸಿ, ಆ ತಾಸು ಆರಿಫಾಗೆ ಸಾಲದೆ ಹೋಗಬೇಕು. ಹಾಗಾದರೆ ಮಾತ್ರ ಅವಳು ಮತ್ತೆ ಬರುತ್ತಾಳೆ ಎಂದು ಶೈಲಾ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ರಕ್ತ ತಪಾಸಣೆಯ ವರದಿಗಳನ್ನು ಓದಿ ಪಳಗಿದ್ದ ಇಂಗ್ಲಿಷಿನಲ್ಲಿ ಅವಳು ನಿಯಮಗಳನ್ನು ಓದತೊಡಗಿದಳು.

ಮೊದಲು ಸಿಕ್ಕ ನಿಯಮಕ್ಕೆ ಆರಡಿಯ ಮೇಜು ಬೇಕಿತ್ತು. ಅಡುಗೆಮನೆಯ ಗೋಡೆ ಕೆಡವಿದರೂ ಅಷ್ಟು ಜಾಗ ಆಗುತ್ತಿರಲಿಲ್ಲ. ಮೇಲಾಗಿ ಒಬ್ಬ ಬಿಲ್ಲಿನವನು ಒಂದು ಬಾಣ ಬಿಡಬೇಕಾದರೆ ಬಿಸಿಲು, ಗಾಳಿ, ಅವನ ಧೈರ್ಯ ಎಲ್ಲಕ್ಕೂ ಒಂದೊಂದು ಕೋಷ್ಟಕ ನೋಡಬೇಕಿತ್ತು. ಎರಡನೆಯದು ಚೊಲೋ ಇತ್ತು. ಎರಡೂ ಕಡೆ ಹನ್ನೆರಡು ತುಕಡಿ, ದಾಳ ಉರುಳಿಸಿದರೆ ಎಷ್ಟು ತುಕಡಿ ಮಾತು ಕೇಳುತ್ತವೆ ಎಂದು ತಿಳಿಯುತ್ತಿತ್ತು, ಗಾಯಗೊಂಡ ಆನೆ ಹೆದರಿ ತನ್ನವರ ಮೇಲೆಯೇ ನುಗ್ಗುತ್ತಿತ್ತು. ದೂರವನ್ನು ಮಾತ್ರ ತುಕಡಿಯ ಅಗಲಕ್ಕೆ ಕತ್ತರಿಸಿದ ಒಂದು ಕಡ್ಡಿಯಿಂದ ಅಳೆಯಬೇಕು. ಶೈಲಾ ಗಂಡನನ್ನು ಕಂಚಿಯ ರಾಜನನ್ನಾಗಿ ಕೂರಿಸಿ ಆಡಿ ನೋಡಿದಳು. ಸಂತೋಷಕುಮಾರ ಬಸ್ ಡಿಪೊದಲ್ಲಿ ಗಾಡಿಗಳ ಸಮಯ ನೋಡುವ ಮನುಷ್ಯ. ಮಾತು ಕೇಳದೆ ನಿಂತ ಕುದುರೆದಂಡನ್ನು ನೋಡಿ, ಇದು ತಡವಾಗಿ ಹೊರಟಿದೆ, ಡ್ರೈವರನಿಗೆ ಮೆಮೊ ಕೊಡಬೇಕು ಎಂದ. ಹಾಗೆನ್ನುತ್ತಲೇ ಯುದ್ಧ ಗೆದ್ದುಬಿಟ್ಟ. ಶೈಲಾಗೆ ಸೋತ ಬೇಸರವಿರಲಿಲ್ಲ. ಆ ಕಡ್ಡಿಯನ್ನು ಮೇಜಿನ ಮೇಲೆ ಇಟ್ಟಾಗಲೆಲ್ಲ ಕೈ ಇರಬೇಕಾದ ಜಾಗದಲ್ಲಿ ಕಡ್ಡಿ ಇದೆಯಲ್ಲ ಎಂದು ಅದನ್ನು ಮತ್ತೆ ಎತ್ತಿಬಿಡುತ್ತಿದ್ದಳು.

ನಿಮ್ಮ ಹಳೆಯ ನಿಯಮವನ್ನೇ ಆಡಬಹುದಲ್ಲ ಎಂದ ಅವನು. ಅವಳು ಅದನ್ನೂ ನೋಡಿದ್ದಳು. ಟ್ರಂಕಿನ ತಳದಿಂದ ಖಣದ ಪಟ್ಟಿ ತೆಗೆದು ಅಳೆದಾಗ ಬಾದಾಮಿಯ ಕುದುರೆ ಒಂದೇ ಸರದಿಗೆ ಕಂಚಿಯ ದಂಡನ್ನು ದಾಟಿ, ಎರಡನೆಯ ಸರದಿಗೆ ಮೇಜನ್ನೂ ದಾಟಿ, ಕೆಳಗೆ ಬಿದ್ದು ಕಾಲು ಮುರಿದುಕೊಂಡಿತ್ತು. ಆ ಗೇಣಿಗೆ ರಾಚಪ್ಪನ ಪಡಸಾಲೆಯೇ ಬೇಕು, ಈ ಮೇಜು ಸಾಲದು.

ಕೊನೆಗೆ ಅವಳು ಮೂರನೆಯ ನಿಯಮ ಆರಿಸಿದಳು. ಅದರಲ್ಲಿ ಮೇಜಿನ ಮೇಲೆ ಚೌಕದ ಮನೆಗಳನ್ನು ಬರೆಯಬೇಕು, ತುಕಡಿಗಳು ಮನೆಯಿಂದ ಮನೆಗೆ ಹೋಗುತ್ತವೆ, ಅಳತೆಯ ಮಾತೇ ಇಲ್ಲ. ಅವಳ ಕೈ ಇಲ್ಲದ ಮೇಲೆ ಬೇರೆ ಯಾವ ಅಳತೆಯೂ ಬೇಡ ಎಂದು ಮನಸ್ಸು ಹಟ ಹಿಡಿದಿತ್ತು. ಇದರ ಹಿಂದೆ ಒಂದು ಸಣ್ಣ ಹುನ್ನಾರವೂ ಇತ್ತು. ಆರಿಫಾ ಬಂದು ಕೂತು, ಚೌಕಗಳನ್ನು ನೋಡಿ, ನನ್ನ ಗೇಣು ಎಲ್ಲಿ ಹೋತು ಎಂದು ಜಗಳಕ್ಕೆ ಬೀಳಬೇಕು. ಆಗ ತಾನು ಪಟ್ಟಿಯನ್ನು ತೆಗೆದು ಅವಳ ಮುಂದೆ ಹಿಡಿಯಬೇಕು. ಆ ಜಗಳವನ್ನು ಶೈಲಾ ರೊಟ್ಟಿ ಬಡಿಯುವಾಗ, ರಕ್ತದ ಸೀಸೆಗೆ ಚೀಟಿ ಹಚ್ಚುವಾಗ, ನಡೆದು ಬರುವಾಗ ಮನಸ್ಸಿನಲ್ಲೇ ಆಡಿಕೊಂಡಳು. ಹಸಿರು ಬಟ್ಟೆ ಹಾಸಿ, ಸೀಮೆಸುಣ್ಣದಿಂದ ಚೌಕ ಬರೆದು, ಪಟ್ಟಿಯನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು ರವಿವಾರ ಮಧ್ಯಾಹ್ನ ಕಾದು ಕೂತಳು.

ಆರಿಫಾ ಬಂದಳು. ಕೂದಲು ನರೆತಿತ್ತು, ಮೈ ತುಸು ತುಂಬಿತ್ತು, ನಗು ಮಾತ್ರ ಎರಡು ಮನೆ ಆಚೆಯದೇ. ಶೈಲಾ ಅಭ್ಯಾಸದಂತೆ ಅವಳ ಬಲಗೈಗೆ ಕೈ ಚಾಚುವಷ್ಟರಲ್ಲಿ ಆರಿಫಾ ಎಡಗೈಯಿಂದ ಅವಳ ಹೆಗಲು ಬಳಸಿ ಅಪ್ಪಿಕೊಂಡಳು. ಆಮೇಲೆ ಸೆರಗನ್ನು ಬಲಗೈ ಮೇಲೆ ಎಳೆದುಕೊಂಡು ಕುರ್ಚಿಯಲ್ಲಿ ಕೂತಳು. ಸಂತೋಷಕುಮಾರ "ಬರ್ರಿ ಅಕ್ಕಾರ" ಎಂದು ನೀರು ಕೊಟ್ಟ, ಚಹಾಕ್ಕೆ ಇಟ್ಟ. ಆರಿಫಾ ಲಗ್ನದ ಮನೆಯ ಸಿಹಿಯ ಪೊಟ್ಟಣವನ್ನೂ ಎಡಗೈಯಿಂದಲೇ ಮುಂದಿಟ್ಟಳು.

ಅವಳು ಆನೆಯೊಂದನ್ನು ಎತ್ತಿ ಕಣ್ಣ ಹತ್ತಿರ ಹಿಡಿದು ಭಾಳ ಹೊತ್ತು ನೋಡಿದಳು. ಸೊಂಡಿಲು ಈಗಲೂ ಡೊಂಕು ಎಂದು ಅಣಕಿಸಿದಳು. ಶೈಲಾ ನಿಯಮ ಹೇಳತೊಡಗಿದಳು. ಕಾಲಾಳಿಗೆ ಒಂದು ಮನೆ, ಆನೆಗೆ ಒಂದು, ಕುದುರೆಗೆ ಎರಡು. ಹೇಳಿ ಮುಗಿಸಿ ಕಾದಳು.

"ಅಳಿಯೂದು ಏನೂ ಇಲ್ಲೇನು?" ಆರಿಫಾ ಕೇಳಿದಳು.

"ಇಲ್ಲ."

"ಚೊಲೋ ಆತು ಬಿಡು," ಅಂದಳು ಆರಿಫಾ. ಅವಳ ಮುಖ ಹಗುರಾದದ್ದು ಶೈಲಾಳ ಕಣ್ಣಿಗೆ ಹೊಡೆದಂತೆ ಕಂಡಿತು.

ಆಟ ಶುರುವಾಯಿತು. ಕಂಚಿಯ ದಂಡು ಮನೆಯಿಂದ ಮನೆಗೆ ಬಂತು, ಬಾದಾಮಿಯ ದಂಡು ಮನೆಯಿಂದ ಮನೆಗೆ ಹೋಯಿತು. ಇಬ್ಬರೂ ಬ್ಯಾಂಕಿನ ಸಾಲಿನಲ್ಲಿ ನಿಂತವರಷ್ಟು ಮರ್ಯಾದೆಯಿಂದ ಸರದಿ ಕಾದರು. ಮಕ್ಕಳ ಸುದ್ದಿ, ಸಕ್ಕರೆ ಕಾಯಿಲೆಯ ಸುದ್ದಿ ಆಯಿತು. ಯಾರೂ ಜಗಳ ತೆಗೆಯಲಿಲ್ಲ. ಶೈಲಾಗೆ ಖಾತ್ರಿಯಾಯಿತು: ಮರೆತಿದ್ದಾಳೆ. ತಾನು ಇಷ್ಟು ವರ್ಷ ಎದೆಗೆ ಅವಚಿಕೊಂಡದ್ದು ಅವಳಿಗೆ ಚಿಕ್ಕಂದಿನ ಒಂದು ಆಟ, ಅಷ್ಟೇ. ಫೋನಿನಲ್ಲಿ ಐತಿ ಐತಿ ಎಂದದ್ದು ಮಾತಿಗೊಂದು ಮಾತು. ಗಡಿಯಾರದಲ್ಲಿ ಅರ್ಧ ತಾಸು ಉಳಿದಿತ್ತು. ಇನ್ನು ಬಚ್ಚಿಡುವುದರಲ್ಲಿ ಏನೂ ಇಲ್ಲವೆನಿಸಿ, ಶೈಲಾ ಪಟ್ಟಿಯನ್ನು ತೆಗೆದು ಎರಡೂ ದಂಡಿನ ನಡುವೆ ಹಾಕಿದಳು. ಮದರಂಗಿಯ ಕಲೆ ಮಾಸಿ ಹಳದಿಯಾಗಿತ್ತು.

"ಇದರ ನೆನಪರ ಐತೇನು ನಿನಗ?"

ಆರಿಫಾ ಪಟ್ಟಿಯನ್ನು ನೋಡಿದಳು. ಮುಟ್ಟಲಿಲ್ಲ.

"ನೀ ಇದನ್ನ ಇನ್ನೂ ಇಟ್ಟೀದಿ," ಅಂದಳು. "ಅದಕ್ಕ ನಾ ಬರ್ಲಿಲ್ಲ ನೋಡು. ನನ್ನ ನೋಡಿದ ಕೂಡ್ಲೆ ನೀ ಕೈ ಕೇಳ್ತಿ ಅಂತ ಗೊತ್ತಿತ್ತು."

ಸೆರಗಿನ ಅಡಿಯಿಂದ ಬಲಗೈ ತೆಗೆದು ಮೇಜಿನ ಅಂಚಿನ ಮೇಲೆ ಇಟ್ಟಳು. ಉಂಗುರಬೆರಳು, ಕಿರುಬೆರಳು ಎರಡೂ ಅಂಗೈಯ ಕಡೆಗೆ ಬಾಗಿ ಅಲ್ಲೇ ನಿಂತುಬಿಟ್ಟಿದ್ದವು. ಇಳಕಲ್ಲಿನ ಮನೆಯಲ್ಲಿ ಕರೆಂಟಿನ ಮಗ್ಗ ಹಾಕಿದ ವರ್ಷ, ಅದರ ಓಡುವ ಬೆಲ್ಟಿಗೆ ಕೈ ಸಿಕ್ಕು ಆದದ್ದು. ದವಾಖಾನೆಯವರು ಕೈ ಉಳಿಸಿದರು, ಬೆರಳು ಬಿಚ್ಚಲಿಲ್ಲ. ಇದನ್ನೆಲ್ಲ ಆರಿಫಾ ಹೇಳಿದ್ದು ಸಪ್ಪಗೆ, ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ. ಮಂದಿಗೆ ತೋರಿಸಲು ತನಗೆ ಎಂದೂ ನಾಚಿಕೆ ಆಗಿಲ್ಲ, ಈ ಒಂದು ಮನೆಗೆ ಬರಲು ಮಾತ್ರ ಕಾಲು ಏಳಲಿಲ್ಲ ಎಂದಳು. ನೀನು ಫೋನಿನಲ್ಲಿ ಕೇಳಿದಾಗ ಮೊದಲ ಸಲ ಐತಿ ಅಂದುಬಿಟ್ಟೆ, ಆಮೇಲೆ ಇಲ್ಲ ಅನ್ನಲು ಬಾಯಿ ಬರಲಿಲ್ಲ ಎಂದಳು.

ಶೈಲಾಗೆ ತನ್ನ ಚೇಷ್ಟೆಯ ಒಂದೊಂದು ಫೋನೂ ನೆನಪಾಯಿತು. ನೆನಪಾಗಿ ನಾಲಗೆ ಕಚ್ಚಿಕೊಳ್ಳುವಂತಾಯಿತು. ಎಷ್ಟು ಪ್ರೀತಿಯಿಂದ ಕೇಳಿದ ಮಾತು, ಅದೇ ಆಕೆಯನ್ನು ಇಷ್ಟು ದಿನ ದೂರ ನಿಲ್ಲಿಸಿತ್ತು. ಕಣ್ಣೀರು ಬಂತು. ಒರೆಸಿಕೊಳ್ಳಲಿಲ್ಲ. ಕೈಯಿಂದ ಮೇಜಿನ ಮೇಲಿನ ಸುಣ್ಣದ ಗೆರೆಗಳನ್ನು ಒರೆಸತೊಡಗಿದಳು. ಚೌಕಗಳು ಒಂದೊಂದಾಗಿ ಅಳಿಸಿಹೋದವು. ಎರಡು ದಂಡು ಬಯಲಿನಲ್ಲಿ ಎದುರುಬದುರಾದವು. ಪಟ್ಟಿಯನ್ನು ಮಡಚಿ ಪಕ್ಕಕ್ಕಿಟ್ಟಳು.

"ನಂದು ಕುದುರಿ. ಗೇಣು ಹಾಕು."

"ಎಲ್ಲಿ ಗೇಣು, ಶೈಲಾ? ಅದು ಹೋಗಿ ಚೋಟಿನಷ್ಟು ಉಳದೈತಿ."

"ಆರಿಫಾನ ಗೇಣು ಅಂತ ನಿಯಮ. ಇಷ್ಟುದ್ದ ಇರಬೇಕಂತ ನಾವ್ಯಾವಾಗ ಮಾತಾಡಿದ್ವಿ?"

ಆರಿಫಾ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಮುಂದೆ ಬಾಗಿ, ಕೈಯನ್ನು ನಿಧಾನವಾಗಿ ಬಟ್ಟೆಯ ಮೇಲೆ ಊರಿದಳು. ಹೆಬ್ಬೆರಳು ಹರಡಿತು. ಬಾಗಿದ ಕಿರುಬೆರಳು ತನಗೆ ಆಗುವಷ್ಟು ದೂರಕ್ಕೆ ಹೋಗಿ ನಿಂತಿತು. ಶೈಲಾ ಕುದುರೆಯನ್ನು ಆ ಬೆರಳಿಗೆ ಮುಟ್ಟಿಸಿದಳು, ಆರಿಫಾ ಕೈಯೆತ್ತಿ ಎರಡನೆಯ ಗೇಣು ಹಾಕಿದಳು, ಕುದುರೆ ಮತ್ತೆ ನಡೆಯಿತು. ಅದು ಮೇಜು ದಾಟಲಿಲ್ಲ. ಕಂಚಿಯ ಸಾಲಿನ ಮುಂದೆ, ಭರ್ಚಿಯವರ ಎದುರಿಗೆ ಬಂದು ನಿಂತಿತು. ಇಬ್ಬರೂ ಅದನ್ನು ನೋಡಿದರು. ಈ ಮೇಜಿಗೆ ಹೊಂದುವ ನಿಯಮಕ್ಕಾಗಿ ಶೈಲಾ ಇಷ್ಟು ದಿನ ಜಗತ್ತೆಲ್ಲ ಹುಡುಕಿದ್ದಳು.

ಆಮೇಲೆ ಜಗಳ ಶುರುವಾಯಿತು. ಕುದುರೆ ತುಸು ಓರೆಯಾಗಿ ನಡೆಯಿತು ಎಂದಳು ಆರಿಫಾ; ನಿನ್ನ ಬೆರಳೇ ಓರೆ, ನಾನೇನು ಮಾಡಲಿ ಎಂದಳು ಶೈಲಾ. ಅಂದವಳೇ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಆರಿಫಾ ಗಹಗಹಿಸಿ ನಕ್ಕಳು. ಚಹಾ ಆರಿ ಕೆನೆಗಟ್ಟಿತು. ಬಾದಾಮಿಯ ಒಂದು ತುಕಡಿ ಓಡಿಹೋಯಿತು, ಕಂಚಿಯ ಬಿಲ್ಲಿನವರು ಸತ್ತರು, ಮತ್ತು ಶೈಲಾಳ ಆನೆಯ ಮುಂದೆ ಕಂಚಿಯ ರಾಜ ಒಂದು ಗೇಣು ದೂರದಲ್ಲಿ ನಿಂತ. ಪಡಸಾಲೆಯ ಕಡೆಯ ಯುದ್ಧದಲ್ಲಿ ಆನೆ ನಿಂತುಹೋಗಿದ್ದ ಜಾಗ ಇದೇ ಎಂದು ಇಬ್ಬರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ. ಶೈಲಾ ಕೇಳುವ ಮೊದಲೇ ಆರಿಫಾ ಕೈ ಚಾಚಿ ಗೇಣು ಹಾಕಿದಳು.

ಆಗಲೇ ಅವಳ ಫೋನು ಹೊಡೆದುಕೊಂಡಿತು. ಸಂತೋಷಕುಮಾರ ಎತ್ತಿ ಮಾತಾಡಿ, ಮುಕ್ತಾರ ಗಾಡಿ ತಂದು ಕೆಳಗೆ ನಿಂತಿದ್ದಾನೆ, ತಡವಾಗುತ್ತದೆ ಎನ್ನುತ್ತಿದ್ದಾನೆ ಎಂದ.

"ಆನಿ ಬೆರಳು ಮುಟ್ಟೂತನಕ ನಾ ಕೈ ತಗ್ಯಾಂಗಿಲ್ಲ ಅಂತ ಹೇಳ್ರಿ, ಅಣ್ಣಾರ," ಎಂದಳು ಆರಿಫಾ, ಮೇಜಿನಿಂದ ಕಣ್ಣೆತ್ತದೆ.

ಶೈಲಾ ಆನೆಯ ಬೆನ್ನ ಮೇಲೆ ಬೆರಳಿಟ್ಟಳು. ಸರಿಸಲಿಲ್ಲ. ಮೇಜಿನ ಮೇಲೆ ಊರಿದ್ದ ಆ ಕೈಯನ್ನು ನೋಡುತ್ತ ಕೂತಳು. ಕೆಳಗೆ ಗಾಡಿಯ ಹಾರ್ನ್ ಕೇಳಿತು. ಅವಳು ಆನೆಯನ್ನು ಒಂದು ಕೂದಲೆಳೆಯಷ್ಟು ಮುಂದೆ ಸರಿಸಿ, ಮತ್ತೆ ನಿಲ್ಲಿಸಿದಳು.